ಮಾನೆಯ 'ಕತ್ತಿ ಹಿಡಿದ ಹುಡುಗ': ಅವನು ಎಡಕ್ಕೆ ತಿರುಗಿದ್ದಾನಾ, ಬಲಕ್ಕಾ?

ಗುಬ್ಬಿಗೂಡು:

ಎಲ್ಲರಿಗೂ ನಮಸ್ಕಾರ. ಒಂದು ಚಿತ್ರದ ಬಗ್ಗೆ ಕೇಳಬೇಕಿತ್ತು. ಮಗನಿಗೆ ಶಾಲೆಯಲ್ಲಿ ಹಳೇ ಕಾಲದ ಮಕ್ಕಳ ಚಿತ್ರಗಳನ್ನು ಒಟ್ಟುಮಾಡಿಕೊಂಡು ಬರಲು ಹೇಳಿದ್ದಾರೆ. ಹುಡುಕುವಾಗ ಫ್ರಾನ್ಸಿನ ಕಲಾವಿದ ಎಡ್ವಾರ್ ಮಾನೆ ಮಾಡಿದ 'ಕತ್ತಿ ಹಿಡಿದ ಹುಡುಗ' ಎಂಬ ಎಚಿಂಗ್, ಅಂದರೆ ಲೋಹದ ತಗಡಿನಲ್ಲಿ ಗೆರೆ ಕೊರೆದು ಕಾಗದಕ್ಕೆ ಒತ್ತಿದ ಅಚ್ಚುಚಿತ್ರ, ಸಿಕ್ಕಿತು. ಎಂಟೊಂಬತ್ತು ವರ್ಷದ ಹುಡುಗ. ದೊಡ್ಡ ಬಿಳಿ ಕಾಲರು. ಅವನಿಗಿಂತ ಸ್ವಲ್ಪವೇ ಚಿಕ್ಕದು ಅನ್ನಿಸುವಂಥ ಕತ್ತಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದಾನೆ. ಅದರ ಬೆಲ್ಟು ಜೋತುಬಿದ್ದಿದೆ. ಯುದ್ಧಕ್ಕೆ ಹೊರಟವನ ಥರ ಇಲ್ಲವೇ ಇಲ್ಲ. ಯಾರೋ ದೊಡ್ಡವರು 'ಸ್ವಲ್ಪ ಹಿಡ್ಕೋ, ಈಗ ಬಂದೆ' ಅಂತ ಕೊಟ್ಟು ಹೋದ ಹಾಗಿದೆ. ನೋಡಿ ಕಣ್ಣು ಕೀಳಲು ಆಗಲಿಲ್ಲ.

ಗೊಂದಲ ಏನಂದರೆ, ಒಂದು ಕಡೆ ಹುಡುಗ ಎಡಕ್ಕೆ ತಿರುಗಿದ್ದಾನೆ, ಇನ್ನೊಂದು ಕಡೆ ಬಲಕ್ಕೆ. ಎರಡರ ಕೆಳಗೂ ಮಾನೆ ಎಂದೇ ಬರೆದಿದೆ. 'ಅಮ್ಮಾ, ಯಾರೋ ಫೋನಲ್ಲಿ ತಿರುಗಿಸಿ ಹಾಕಿದ್ದಾರೆ' ಎಂದು ಮಗ ಹೇಳುತ್ತಾನೆ. ಯಾವುದು ಸರಿ? ತಿಳಿದವರು ಹೇಳಿ.

ದಾಸವಾಳ:

ನೀರಿನಲ್ಲಿ ತಾವರೆ ಹೂ ಬರೆದವರು ಇವರೇ ಅಲ್ವಾ?

ಹಳೇಪೇಟೆ:

ಅಲ್ಲ ದಾಸವಾಳ ಅವರೇ. ತಾವರೆ ಕೊಳದವರು ಕ್ಲೋದ್ ಮೋನೆ. ಇವರು ಎಡ್ವಾರ್ ಮಾನೆ, 1832ರಿಂದ 1883ರವರೆಗೆ ಬದುಕಿದ್ದವರು. ಇಬ್ಬರೂ ಒಂದೇ ಕಾಲದವರು, ಪರಿಚಯದವರು ಕೂಡ. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ ಇರುವುದರಿಂದ ಎಲ್ಲರಿಗೂ ಹೀಗೆ ಆಗುತ್ತದೆ.

ತಾಮ್ರದ ತಗಡು:

ಗುಬ್ಬಿಗೂಡು ಮೇಡಂ, ನೀವು ಕೇಳಿದ್ದು ತುಂಬ ಒಳ್ಳೆಯ ಪ್ರಶ್ನೆ. ಎರಡೂ ಸರಿ. ಯಾರೂ ಫೋನಲ್ಲಿ ತಿರುಗಿಸಿಲ್ಲ. ಬಲಕ್ಕೆ ತಿರುಗಿದ ಹುಡುಗನನ್ನೂ ಮಾನೆಯೇ ಮಾಡಿದ್ದು, ಎಡಕ್ಕೆ ತಿರುಗಿದವನನ್ನೂ ಮಾನೆಯೇ ಮಾಡಿದ್ದು. ಒಂದೇ ಚಿತ್ರಕ್ಕೆ ಅವರು ಮತ್ತೆ ಮತ್ತೆ ಹೊಸ ತಗಡು ತಗೊಂಡು ಕೂತಿದ್ದಾರೆ.

ನಾನು ಪ್ರಿಂಟ್‌ಮೇಕಿಂಗ್ ಓದಿದವನು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಬ್ಬರ್ ಸ್ಟಾಂಪಿನ ಮೇಲೆ ಅಕ್ಷರ ಉಲ್ಟಾ ಇರುವುದನ್ನು ಮಗ ನೋಡಿರಬಹುದು. ಎಚಿಂಗ್ ಕೂಡ ಹಾಗೇ. ತಗಡಿನ ಮೇಲೆ ಬಲಗೈ ಬರೆದರೆ ಕಾಗದದ ಮೇಲೆ ಅದು ಎಡಗೈ ಆಗುತ್ತದೆ. ಮಾನೆ ಈ ಹುಡುಗನನ್ನು 1861ರಲ್ಲಿ ಮೊದಲು ಎಣ್ಣೆಬಣ್ಣದಲ್ಲಿ ಬರೆದರು. ಆಮೇಲೆ ಅದನ್ನೇ ಎಚಿಂಗ್ ಮಾಡಲು ಹೊರಟರು. ಚಿತ್ರವನ್ನು ಕಣ್ಣಿಗೆ ಕಂಡ ಹಾಗೇ ತಗಡಿಗೆ ಇಳಿಸಿದರೆ ಅಚ್ಚಿನಲ್ಲಿ ಹುಡುಗ ತಿರುಗಿಬಿಡುತ್ತಾನೆ. ಮೂಲದ ಹಾಗೇ ಬರಬೇಕು ಅಂದರೆ ಮೊದಲೇ ತಿರುಗಿಸಿಕೊಂಡು ಬರೆಯಬೇಕು. ಇದೇ ನಿಮ್ಮ ಎಡ-ಬಲದ ಗುಟ್ಟು.

ಮಾಡುವ ಕ್ರಮ ಹೀಗೆ. ತಾಮ್ರದ ತಗಡನ್ನು ಕನ್ನಡಿಯಂತೆ ಉಜ್ಜಿ, ಅದರ ಮೇಲೆ ಮೇಣ, ರಾಳ ಸೇರಿದ ಒಂದು ಪದರ ಹಚ್ಚುತ್ತಾರೆ. ನಾವು ಅದನ್ನು ಗ್ರೌಂಡ್ ಅನ್ನುತ್ತೇವೆ. ದೀಪದ ಹೊಗೆ ಹಿಡಿದು ಅದನ್ನು ಕಪ್ಪು ಮಾಡುತ್ತಾರೆ. ಸೂಜಿಯಿಂದ ಗೆರೆ ಎಳೆದರೆ ಆ ಪದರ ಮಾತ್ರ ಕಿತ್ತು ಬಂದು ಕೆಳಗಿನ ತಾಮ್ರ ಮಿನುಗುತ್ತದೆ. ಆಮೇಲೆ ತಗಡನ್ನು ಆಸಿಡ್‌ಗೆ ಇಳಿಸಬೇಕು. ಗೆರೆ ಇರುವ ಕಡೆ ಆಸಿಡ್ ತಾಮ್ರವನ್ನು ತಿನ್ನುತ್ತದೆ. ಫ್ರೆಂಚರು ಈ ಕಲೆಯನ್ನೇ 'ಓ-ಫೋರ್ತ್' ಎಂದು ಕರೆಯುತ್ತಾರೆ. ಅಂದರೆ 'ಬಲವಾದ ನೀರು' ಅಂದ ಹಾಗೆ. ತೆಳು ಗೆರೆ ಬೇಕಾದ ಕಡೆ ಬೇಗ ತೆಗೆದು ವಾರ್ನಿಶ್ ಬಳಿದು ಮುಚ್ಚುತ್ತಾರೆ. ದಪ್ಪ ಬೇಕಾದ ಕಡೆ ಮತ್ತೆ ಆಸಿಡ್‌ಗೆ ಬಿಡುತ್ತಾರೆ. ಕೊನೆಗೆ ಪದರ ತೆಗೆದು, ಮಸಿ ಬಳಿದು, ಮೇಲಿನದನ್ನು ಒರೆಸಿದರೆ ಗೆರೆಯ ಗುಂಡಿಯಲ್ಲಿ ಮಾತ್ರ ಮಸಿ ಉಳಿಯುತ್ತದೆ. ಒದ್ದೆ ಕಾಗದ ಇಟ್ಟು ರೋಲರ್ ಪ್ರೆಸ್ಸಿನಲ್ಲಿ ಒತ್ತಿದರೆ ಕಾಗದ ಆ ಮಸಿಯನ್ನು ಎಳೆದುಕೊಳ್ಳುತ್ತದೆ.

ಕಾಲೇಜಿನಲ್ಲಿ ನಮಗೆ ತಾಮ್ರ ದುಬಾರಿ ಅಂತ ಸತುವಿನ ತಗಡು ಕೊಡುತ್ತಿದ್ದರು. ತಂಗಿಯ ಮಗುವಿನ ಮುಖ ಮಾಡುತ್ತಿದ್ದೆ. ಆಸಿಡ್‌ನಲ್ಲಿ ಗೆರೆಗಳ ಮೇಲೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಅವನ್ನು ಹಕ್ಕಿಯ ಪುಕ್ಕದಿಂದ ಮೆಲ್ಲಗೆ ಸವರುತ್ತಿರಬೇಕು, ಇಲ್ಲದಿದ್ದರೆ ಗೆರೆ ಒಂದೇ ಸಮ ಇಳಿಯುವುದಿಲ್ಲ. ಮಧ್ಯೆ ಯಾರೋ ಕರೆದರು ಅಂತ ಹೋಗಿ ಬರುವಷ್ಟರಲ್ಲಿ ಕಣ್ಣಿನ ಕೆಳಗಿನ ಹತ್ತಿರ ಹತ್ತಿರದ ಗೆರೆಗಳು ಒಂದಕ್ಕೊಂದು ಕೂಡಿಕೊಂಡುಬಿಟ್ಟಿದ್ದವು. ಅಚ್ಚು ತೆಗೆದಾಗ ಮಗುವಿನ ಕಣ್ಣಿನಡಿ ಕಪ್ಪು ಕಲೆ. ಎರಡು ವಾರದ ಕೆಲಸ ಅದು. ಮಕ್ಕಳ ಕೆನ್ನೆ ಬರೆಯುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ದೊಡ್ಡವರ ಮುಖದಲ್ಲಿ ನಾಲ್ಕು ಗೆರೆ ಜಾಸ್ತಿ ಆದರೂ ನಡೆಯುತ್ತದೆ. ಮಗುವಿನ ಮುಖದಲ್ಲಿ ಒಂದು ಗೆರೆ ಹೆಚ್ಚಾದರೆ ಅದು ಮುದುಕನಾಗುತ್ತದೆ. ಮಾನೆ ಒಂದೇ ಹುಡುಗನಿಗೆ ಇಷ್ಟು ತಗಡು ಯಾಕೆ ಹಿಡಿದರು ಎಂದು ನನಗೆ ಯಾರೂ ವಿವರಿಸಬೇಕಾಗಿಲ್ಲ.

ಹಳೇಪೇಟೆ:

ಚೆನ್ನಾಗಿ ಹೇಳಿದಿರಿ ಸರ್. ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಮಾನೆ ಆಗ ಈ ಕೆಲಸಕ್ಕೆ ಹೊಸಬರು. ಅಲ್ಫೋನ್ಸ್ ಲೆಗ್ರೋ ಎಂಬ ಗೆಳೆಯ ಪಕ್ಕದಲ್ಲಿ ನಿಂತು ನೆರವಾದರು. ಈ ಲೆಗ್ರೋ ಮುಂದೆ ಲಂಡನ್ನಿಗೆ ಹೋಗಿ, ಅಲ್ಲಿನ ಸ್ಲೇಡ್ ಕಲಾಶಾಲೆಯಲ್ಲಿ ಪ್ರೊಫೆಸರ್ ಆದರು.

ಕಾಲವೂ ಹಾಗಿತ್ತು. ಫೋಟೋ ಬಂದು ಇಪ್ಪತ್ತು ವರ್ಷ ಆಗಿತ್ತು. ಚಿತ್ರವನ್ನು ಇದ್ದ ಹಾಗೇ ನಕಲು ಮಾಡುವ ಕೆಲಸಕ್ಕೆ ಕ್ಯಾಮೆರಾ ಬಂದಮೇಲೆ, ಕಲಾವಿದನ ಕೈಯೇ ಕಾಣುವ ಎಚಿಂಗ್ ಬೇಕು ಅಂತ ಪ್ಯಾರಿಸ್ಸಿನಲ್ಲಿ ಕೆಲವರು ಹಟ ಹಿಡಿದರು. 1862ರಲ್ಲಿ ಪ್ರಕಾಶಕ ಕದಾರ್ ಎಚಿಂಗ್ ಮಾಡುವವರದೇ ಒಂದು ಸಂಘ ಕಟ್ಟಿದರು. ಅದೇ ವರ್ಷ ಮಾನೆಯ 8 ಎಚಿಂಗ್‌ಗಳ ಒಂದು ಕಟ್ಟನ್ನೂ ಹೊರತಂದರು.

ಎಣ್ಣೆಬಣ್ಣದ ಮೂಲಚಿತ್ರ ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. 1889ರಲ್ಲೇ ಅಲ್ಲಿಗೆ ಹೋಯಿತು. ಅಮೆರಿಕದ ಮ್ಯೂಸಿಯಂ ಸೇರಿದ ಮಾನೆಯ ಮೊದಲ ಚಿತ್ರಗಳಲ್ಲಿ ಅದೂ ಒಂದು. ಹುಡುಗನಿಗೆ ಹಾಕಿರುವುದು ಹದಿನೇಳನೇ ಶತಮಾನದ ಸ್ಪೇನಿನ ಉಡುಪು. ಮಾನೆಗೆ ಆಗ ಸ್ಪೇನಿನ ಹಳೇ ಚಿತ್ರಕಾರ ವೆಲಾಸ್ಕೆಜ್ ಅಂದರೆ ಪ್ರಾಣ. ಹಿನ್ನೆಲೆಯಲ್ಲಿ ಏನೂ ಇಡದೆ ಆಳನ್ನು ಒಬ್ಬಂಟಿಯಾಗಿ ನಿಲ್ಲಿಸುವುದು ಅವರಿಂದಲೇ ಕಲಿತದ್ದು. ಕತ್ತಿ ಮಾನೆಯದಲ್ಲ. ಶಾರ್ಲ್ ಮೋಂಜಿನೋ ಎಂಬ ಚಿತ್ರಕಾರನ ಹತ್ತಿರ ಎರವಲು ತಂದದ್ದು.

ಗುಬ್ಬಿಗೂಡು:

ತಾಮ್ರದ ತಗಡು ಸರ್, ನಿಮಗೆ ದೊಡ್ಡ ನಮಸ್ಕಾರ. ಮಗನಿಗೆ ಓದಿ ಹೇಳಿದೆ. ಪುಕ್ಕದ ವಿಷಯ ಬಂದಾಗ 'ಯಾವ ಹಕ್ಕಿಯದು' ಅಂತ ಕೇಳಿದ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದ, ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. 'ಆ ಹುಡುಗ ಯಾರು? ಅವನ ಹೆಸರೇನು?'

ವಾಲ್ ನದಿ ದಂಡೆ:

ನಾನು ನೆದರ್ಲೆಂಡ್ಸ್‌ನಲ್ಲಿದ್ದೇನೆ. ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಈ ಪ್ರಶ್ನೆ ನೋಡಿ ನಿಂತೆ. ಹುಡುಗನ ಹೆಸರು ಲಿಯೋನ್. ಅವನ ತಾಯಿ ಈ ದೇಶದವಳು.

ತಾಯಿ ಸುಝಾನ್ ಲೇನ್‌ಹಾಫ್. ನಮ್ಮ ಮನೆಯಿಂದ ದೂರವೇನಲ್ಲದ ಝಾಲ್ಟ್‌ಬೊಮ್ಮೆಲ್ ಎಂಬ ಪುಟ್ಟ ಊರಿನಲ್ಲಿ ಬೆಳೆದವಳು. ವಾಲ್ ನದಿಯ ದಡದ ಊರು. ಅವಳ ತಂದೆ ಅಲ್ಲಿ ಗೋಪುರದ ಗಂಟೆಗಳನ್ನು ರಾಗವಾಗಿ ನುಡಿಸುವ ಕೆಲಸದಲ್ಲಿದ್ದರು. ಸುಝಾನ್ ಪಿಯಾನೋ ಕಲಿತು ಪ್ಯಾರಿಸ್ಸಿಗೆ ಹೋದಳು. 1849ರ ಸುಮಾರಿಗೆ ಮಾನೆಯ ಮನೆಗೆ ಅಣ್ಣತಮ್ಮಂದಿರಿಗೆ ಪಿಯಾನೋ ಪಾಠ ಹೇಳಲು ಬಂದಳು. 1852ರ ಜನವರಿ 29ರಂದು ಅವಳಿಗೆ ಗಂಡು ಮಗು ಹುಟ್ಟಿತು. ಮದುವೆ ಆಗಿರಲಿಲ್ಲ. ದಾಖಲೆಯಲ್ಲಿ ತಂದೆಯ ಜಾಗಕ್ಕೆ ಕೋಎಲ್ಲಾ ಎಂಬ ಹೆಸರು ಬರೆಸಿದರು. ಆ ಹೆಸರಿನ ಮನುಷ್ಯ ಯಾರು ಅಂತ ಯಾರಿಗೂ ಸಿಕ್ಕಿಲ್ಲ. ಊರಿಗೆಲ್ಲ ಹೇಳಿದ್ದು 'ಇವನು ಸುಝಾನ್‌ಳ ತಮ್ಮ' ಎಂದು. 1855ರಲ್ಲಿ ಮಗುವಿಗೆ ಚರ್ಚಿನಲ್ಲಿ ದೀಕ್ಷಾಸ್ನಾನ ಆದಾಗ ಹೊಣೆ ಹೊತ್ತು, ಅಂದರೆ ದೀಕ್ಷೆಯ ತಂದೆ-ತಾಯಿಯಾಗಿ, ನಿಂತವರು ಇಬ್ಬರು. ಮಾನೆ ಮತ್ತು ಸುಝಾನ್.

1863ರ ಅಕ್ಟೋಬರ್‌ನಲ್ಲಿ ಮಾನೆ ಝಾಲ್ಟ್‌ಬೊಮ್ಮೆಲ್‌ಗೇ ಬಂದು ಸುಝಾನ್‌ಳನ್ನು ಮದುವೆಯಾದರು. ಹುಡುಗ ಅವರ ಜೊತೆಗೇ ಬೆಳೆದ. ಆದರೂ ಕೊನೆಯವರೆಗೂ ಅವನನ್ನು ಮಗ ಎಂದು ಬಾಯಿಬಿಟ್ಟು ಹೇಳಲಿಲ್ಲ. ತಂದೆ ಮಾನೆಯೇ ಅಂತ ಕೆಲವರು, ಮಾನೆಯ ತಂದೆ ಅಂತ ಇನ್ನು ಕೆಲವರು ವಾದ ಮಾಡುತ್ತಾರೆ. ಅದು ಇವತ್ತಿಗೂ ಬಗೆಹರಿದಿಲ್ಲ.

ದಾಸವಾಳ:

ಬೇಜಾರು ಮಾಡ್ಕೋಬೇಡಿ. ಚಿತ್ರ ಚೆನ್ನಾಗಿದೆ, ಅಷ್ಟು ಸಾಕಲ್ವಾ? ನೂರಾರು ವರ್ಷದ ಹಿಂದಿನ ಒಂದು ಮನೆಯ ವಿಷಯವನ್ನು ಕೆದಕಿದರೆ ಆ ಹುಡುಗನಿಗೇ ಅನ್ಯಾಯ ಅನ್ನಿಸುತ್ತದೆ. ಪಾಪ, ಅವನು ಬದುಕಿದ್ದಾಗಲೂ ಜನ ಮಾತಾಡಿರುತ್ತಾರೆ. ಈಗಲೂ ನಾವು.

ವಾಲ್ ನದಿ ದಂಡೆ:

ನಿಮ್ಮ ಮಾತು ಅರ್ಥವಾಗುತ್ತದೆ. ತಂದೆ ಯಾರು ಎಂದು ಹುಡುಕಿ ಕೂರಲು ನನಗೂ ಇಷ್ಟ ಇಲ್ಲ. ಆದರೆ ಅವನ ಹೆಸರು ಹೇಳುವುದು ಕೆದಕಿದ ಹಾಗಲ್ಲ ಅನ್ನಿಸುತ್ತದೆ. ಚಿತ್ರದ ಹೆಸರು 'ಕತ್ತಿ ಹಿಡಿದ ಹುಡುಗ'. ಅವನ ಹೆಸರು ಎಲ್ಲೂ ಇಲ್ಲ. ತಾಯಿಯನ್ನು ಹೊರಗಿನವರ ಮುಂದೆ ಅಕ್ಕ ಎನ್ನಬೇಕಾಗಿದ್ದ ಮಗು ಅದು. ಮಾನೆಯನ್ನು ದೀಕ್ಷೆಯ ತಂದೆ ಎಂದೇ ಕರೆಯುತ್ತಿದ್ದ. ಇದನ್ನು ತಿಳಿದಮೇಲೆ ಆ ಕತ್ತಿ ಹಿಡಿದ ಕೈಗಳನ್ನು ನೋಡಿದರೆ ನನಗೆ ಬೇರೆ ಥರ ಕಾಣುತ್ತದೆ. ನಿಮಗೆ ಕಾಣದಿದ್ದರೂ ತಪ್ಪೇನಿಲ್ಲ.

ಇನ್ನೊಂದು ವಿಷಯ. ಮಾನೆ ತೀರಿಕೊಂಡಮೇಲೆ ಸ್ಟುಡಿಯೋದಲ್ಲಿ ಉಳಿದ ಚಿತ್ರಗಳನ್ನೆಲ್ಲ ಒಂದೊಂದಾಗಿ ಪಟ್ಟಿ ಮಾಡಿ, ಫೋಟೋ ತೆಗೆಸಿ ಜೋಪಾನ ಮಾಡಿದ್ದು ಇದೇ ಲಿಯೋನ್. ಮಾನೆಯ ಬಗ್ಗೆ ಇವತ್ತು ಗೊತ್ತಿರುವುದರಲ್ಲಿ ಎಷ್ಟೋ ಭಾಗ ಅವನು ಬರೆದಿಟ್ಟ ಪಟ್ಟಿಯಿಂದ ಬಂದದ್ದು. 1927ರವರೆಗೆ ಬದುಕಿದ್ದ. ಆಸ್ತಿ ಕೊನೆಗೆ ಲಿಯೋನ್‌ಗೇ ಸೇರಬೇಕು ಎಂದು ಮಾನೆ ಉಯಿಲಿನಲ್ಲಿ ಬರೆದಿದ್ದರು.

ದಾಸವಾಳ:

ಪಟ್ಟಿಯ ವಿಷಯ ನನಗೆ ಗೊತ್ತಿರಲಿಲ್ಲ. ಆ ಮಗು ಇಷ್ಟು ಮಾಡಿದ್ದಾನೆ ಅಂದರೆ ಹೆಸರು ಹೇಳಲೇಬೇಕು. ಸರಿ, ಒಪ್ಪಿದೆ.

ಹಳೇಪೇಟೆ:

ಹೆಸರಿನ ಮಾತು ಬಂದದ್ದಕ್ಕೆ ಇನ್ನೊಬ್ಬ ಹುಡುಗನನ್ನೂ ನೆನೆಯಬೇಕು. ಗುಬ್ಬಿಗೂಡು ಅವರೇ, ಇದನ್ನು ಮಗನಿಗೆ ಓದಿ ಹೇಳುವ ಮೊದಲು ನೀವೊಮ್ಮೆ ಓದಿಕೊಳ್ಳಿ.

ಕದಾರ್ ತಂದ ಆ 8 ಎಚಿಂಗ್‌ಗಳ ಕಟ್ಟಿನಲ್ಲಿ ಒಬ್ಬ ಹುಡುಗ ಮತ್ತು ಒಂದು ನಾಯಿ ಇರುವ ಚಿತ್ರ ಇದೆ. ಬೀದಿಯ ಹುಡುಗ. ಸ್ಪೇನಿನ ಮುರಿಲ್ಯೋ ಬರೆಯುತ್ತಿದ್ದ ಬಡಮಕ್ಕಳ ಚಿತ್ರಗಳ ನೆರಳು ಅದರಲ್ಲಿದೆ. ಅದಕ್ಕೆ ಕೂತವನು ಅಲೆಕ್ಸಾಂದ್ರ್ ಎಂಬ ಹುಡುಗ ಅಂತ ಹೇಳುತ್ತಾರೆ. ಮಾನೆಯ ಸ್ಟುಡಿಯೋದಲ್ಲಿ ಕುಂಚ ತೊಳೆದುಕೊಂಡು, ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದವನು. ಮಾನೆಯ 'ಚೆರ್ರಿ ಹಣ್ಣಿನ ಹುಡುಗ' ಎಂಬ ಎಣ್ಣೆಬಣ್ಣದ ಚಿತ್ರದಲ್ಲಿ ಕೆಂಪು ಟೋಪಿ ಹಾಕಿಕೊಂಡು ನಗುತ್ತಿರುವವನೂ ಅವನೇ. ಆ ಹುಡುಗ ಒಂದು ದಿನ ಸ್ಟುಡಿಯೋದಲ್ಲೇ ಜೀವ ಕಳೆದುಕೊಂಡ. ಹೊರಗಿನಿಂದ ಬಂದ ಮಾನೆಯೇ ಮೊದಲು ನೋಡಿದ್ದು. ಆಮೇಲೆ ಆ ಜಾಗದಲ್ಲಿ ಕೆಲಸ ಮಾಡಲು ಆಗದೆ ಸ್ಟುಡಿಯೋ ಬದಲಾಯಿಸಿದರು.

ಲಂಕೇಶರು ಕನ್ನಡಕ್ಕೆ ತಂದ 'ಪಾಪದ ಹೂಗಳು' ಓದಿದವರಿಗೆ ಫ್ರೆಂಚ್ ಕವಿ ಬೋದಿಲೇರ್ ಗೊತ್ತು. ಅವರು ಮಾನೆಯ ಹತ್ತಿರದ ಗೆಳೆಯ. ಈ ಹುಡುಗನ ಸಾವನ್ನು ಇಟ್ಟುಕೊಂಡು 1864ರಲ್ಲಿ ಒಂದು ಗದ್ಯಕವಿತೆ ಬರೆದು ಮಾನೆಗೇ ಅರ್ಪಿಸಿದರು. ಅದರಲ್ಲಿ ಕವಿಯ ಕಲ್ಪನೆಯೂ ಬೆರೆತಿದೆ. ಹಾಗಾಗಿ ಅದನ್ನು ವರದಿ ಎಂದು ಓದಬಾರದು.

ನನಗೆ ಈ ಎರಡು ಎಚಿಂಗ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ. ಒಬ್ಬ ಎರವಲು ಉಡುಪಿನ ರಾಜಕುಮಾರ. ಇನ್ನೊಬ್ಬ ಕೆಲಸದ ಹುಡುಗ. ಮಾನೆಯ ಗೆರೆ ಇಬ್ಬರಿಗೂ ಒಂದೇ. ಒಬ್ಬನನ್ನು ಎತ್ತಿ, ಇನ್ನೊಬ್ಬನನ್ನು ಇಳಿಸಿ ಬರೆದಿಲ್ಲ. ಬಡ ಹುಡುಗ ಅಂತ ಮುಖದಲ್ಲಿ ಅಳು ತುರುಕಿಲ್ಲ. ಆ ಕಾಲದಲ್ಲಿ ಮಕ್ಕಳನ್ನು ಒಂದೋ ದೇವತೆಗಳ ಥರ, ಇಲ್ಲಾ ಕರುಣೆ ಉಕ್ಕುವ ಥರ ಬರೆಯುವುದೇ ಹೆಚ್ಚು. ಇವರು ಮಗುವನ್ನು ಒಬ್ಬ ಮನುಷ್ಯನ ಹಾಗೆ ನೋಡಿದ್ದಾರೆ. ನಾನು ಮಾನೆಯನ್ನು ಇಷ್ಟಪಡುವುದು ಇದಕ್ಕೇ.

ಗುಬ್ಬಿಗೂಡು:

ಮೊದಲೇ ಎಚ್ಚರಿಸಿದ್ದು ಒಳ್ಳೆಯದಾಯಿತು ಹಳೇಪೇಟೆ ಅವರೇ. ಅಲೆಕ್ಸಾಂದ್ರ್‌ನ ವಿಷಯ ಮಗನಿಗೆ ಈಗಲೇ ಹೇಳಿಲ್ಲ. ನಾನು ಮಾತ್ರ ರಾತ್ರಿ ಆ ಚೆರ್ರಿ ಹಣ್ಣಿನ ಚಿತ್ರ ತೆಗೆದು ತುಂಬ ಹೊತ್ತು ನೋಡಿದೆ.

ತಾಮ್ರದ ತಗಡು:

ಲಿಯೋನ್‌ನನ್ನು ಮಾನೆ ಮತ್ತೆ ತಗಡಿಗೆ ಇಳಿಸಿದ್ದಾರೆ. 1867ರಲ್ಲಿ ಅವನಿಗೆ ಹದಿನೈದು. ಸೋಪಿನ ಗುಳ್ಳೆ ಊದುತ್ತಿರುವ ಹಾಗೆ ಎಣ್ಣೆಬಣ್ಣದಲ್ಲಿ ಬರೆದರು. ಆಮೇಲೆ ಅದನ್ನೂ ಎಚಿಂಗ್ ಮಾಡಿದರು. ಕೈಯಲ್ಲಿ ಸೋಪುನೀರಿನ ಬಟ್ಟಲು, ಬಾಯಲ್ಲಿ ಕೊಳವೆ, ಅದರ ತುದಿಯಲ್ಲಿ ಗುಳ್ಳೆ. ಗುಳ್ಳೆಯ ಹಾಗೆ ಬದುಕೂ ಒಡೆದುಹೋಗುವಂಥದ್ದು ಎಂದು ಹೇಳಲು ಯುರೋಪಿನಲ್ಲಿ ಹಿಂದಿನಿಂದ ಈ ವಿಷಯ ಬರೆಯುತ್ತಿದ್ದರು. ಮಾನೆಗಿಂತ ಸುಮಾರು ನೂರಮೂವತ್ತು ವರ್ಷ ಮೊದಲು ಫ್ರಾನ್ಸಿನವರೇ ಆದ ಶಾರ್ದೇಂ ಬರೆದದ್ದು ಪ್ರಸಿದ್ಧ.

ಕೆಲಸ ಮಾಡುವವನ ಕಣ್ಣಿನಿಂದ ಒಂದು ಮಾತು. ಎಚಿಂಗ್‌ನಲ್ಲಿ ಬಿಳಿ ಬಣ್ಣ ಅಂತ ಇಲ್ಲ. ಬಿಳಿ ಬೇಕಾದರೆ ಅಲ್ಲಿ ಕೈ ಇಡಬಾರದು, ಅಷ್ಟೇ. ಕಾಗದವೇ ಬಿಳಿ. ಹಾಗಾಗಿ ಗುಳ್ಳೆಯಂಥದ್ದನ್ನು ಮಾಡುವಾಗ ಸುತ್ತ ಗೆರೆ ಎಳೆಯುತ್ತಾ ಹೋಗಿ ಮಧ್ಯೆ ಬಿಟ್ಟುಬಿಡಬೇಕು. ಅಂಚು ಕೂದಲೆಳೆಯಷ್ಟು ದಪ್ಪವಾದರೂ ಅದು ಕಲ್ಲುಗುಂಡು ಆಗುತ್ತದೆ. ನಾನು ವಿದ್ಯಾರ್ಥಿಗಳಿಗೆ ಇದನ್ನು ಹೇಳುವಾಗ ಇವತ್ತಿಗೂ ಈ ಚಿತ್ರವನ್ನೇ ತೋರಿಸುತ್ತೇನೆ.

ಯಾರಾದರೂ ಮಾನೆಯ ಎಚಿಂಗ್ ಕೊಳ್ಳಲು ಅಥವಾ ಮ್ಯೂಸಿಯಮ್ಮಿನಲ್ಲಿ ನೋಡಲು ಹೋದರೆ ಒಂದು ತಿಳಿದಿರಲಿ. ಎಲ್ಲ ಪ್ರತಿಗಳೂ ಮಾನೆ ಬದುಕಿದ್ದಾಗ ಒತ್ತಿದವಲ್ಲ. ತಗಡು ಉಳಿದಿದ್ದರೆ ಆಮೇಲೂ ಒತ್ತಬಹುದು. 1905ರಲ್ಲಿ ಸ್ಟ್ರೋಲಿನ್ ಎಂಬವರು ಮಾನೆಯ 30 ತಗಡುಗಳಿಂದ ತಲಾ 100 ಪ್ರತಿ ಒತ್ತಿಸಿದರು. ಹೊತ್ತಾಗಿ ಒತ್ತಿದ ಪ್ರತಿ ಅಂದರೆ ಕಳಪೆ ಅಂತಲ್ಲ. ಆದರೆ ಮಸಿ ಒರೆಸಿದ ಕೈ ಬೇರೆಯವರದು.

ವಾಲ್ ನದಿ ದಂಡೆ:

ಆ ಗುಳ್ಳೆಯ ಎಣ್ಣೆಬಣ್ಣದ ಚಿತ್ರ ಲಿಸ್ಬನ್ನಿನ ಗುಲ್ಬೆಂಕಿಯನ್ ಮ್ಯೂಸಿಯಮ್ಮಿನದು. ಹಳೇಪೇಟೆ ಅವರು ಹೇಳಿದ ಚೆರ್ರಿ ಹಣ್ಣಿನ ಹುಡುಗನೂ ಅದೇ ಮ್ಯೂಸಿಯಮ್ಮಿನವನು. ಲಿಯೋನ್ ಮತ್ತು ಅಲೆಕ್ಸಾಂದ್ರ್ ಈಗ ಒಂದೇ ಸೂರಿನಡಿ ಇದ್ದಾರೆ. ಇಬ್ಬರನ್ನೂ ಒಮ್ಮೆ ಹೋಗಿ ನೋಡಿಕೊಂಡು ಬರಬೇಕೆಂದು ಈ ಚರ್ಚೆ ಓದಿದಮೇಲೆ ತೀರ್ಮಾನ ಮಾಡಿದ್ದೇನೆ.

ಗುಬ್ಬಿಗೂಡು:

ನಿನ್ನೆ ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಮಗನಿಗೂ ಈಗ ಒಂಬತ್ತು ವರ್ಷ, ಲಿಯೋನ್‌ನ ವಯಸ್ಸೇ. 'ಅವನ ಥರ ನಿಲ್ಲುತ್ತೇನೆ, ನೀನು ಬರಿ' ಅಂದ. ಕತ್ತಿ ಎಲ್ಲಿಂದ ತರೋದು? ಅತ್ತೆಯವರ ಕಾಲದ ಒನಕೆ ಹಿತ್ತಿಲ ಬಾಗಿಲ ಮೂಲೆಯಲ್ಲಿತ್ತು, ಅದನ್ನೇ ಕೊಟ್ಟೆ. ಮೊದಲು ನೆಟ್ಟಗೆ ನಿಂತ. ಒಂದು ನಿಮಿಷಕ್ಕೆ ಭುಜ ಇಳಿಯಿತು. ಆಮೇಲೆ ಹೊಟ್ಟೆ ಮುಂದೆ ತಂದು ಒನಕೆಗೆ ಆನಿಸಿಕೊಂಡ. ಒಂದು ಕಾಲು ತಾನಾಗಿ ಪಕ್ಕಕ್ಕೆ ಸರಿಯಿತು. ಮೂರನೇ ನಿಮಿಷಕ್ಕೆ ಮುಖದಲ್ಲಿ ಆಟ ಹೋಗಿ, 'ಇನ್ನೂ ಎಷ್ಟು ಹೊತ್ತು' ಅನ್ನುವ ಕಣ್ಣು ಬಂತು. ಅದೇ ಕಣ್ಣು! ಮಾನೆಯ ಚಿತ್ರದಲ್ಲಿ ಇರುವುದು ಅದೇ. ನಾನು ಪೆನ್ಸಿಲ್ ಕೆಳಗಿಟ್ಟು ಒನಕೆ ಇಸಿದುಕೊಂಡೆ. ಆ ಮಗು ಎಷ್ಟು ದಿನ, ಎಷ್ಟು ಹೊತ್ತು ಹಾಗೆ ನಿಂತಿತ್ತೋ.

'ಲಿಯೋನ್‌ಗೆ ಕೈ ನೋಯ್ತಿತ್ತು ಅಮ್ಮಾ, ಅದಕ್ಕೇ ತಬ್ಬಿಕೊಂಡಿದ್ದಾನೆ' ಅಂದ ಮಗ. ಹೆಸರು ಹಿಡಿದೇ ಹೇಳಿದ.

ದಾಸವಾಳ:

ಓದಿ ಕಣ್ಣು ತುಂಬಿತು ಅಕ್ಕಾ. ಮಗನಿಗೆ ನನ್ನ ಕಡೆಯಿಂದ ಒಂದು ಮುತ್ತು ಕೊಡಿ.

ತಾಮ್ರದ ತಗಡು:

ಮೇಡಂ, ಮಗನಿಗೆ ಆಸಿಡ್ ಇಲ್ಲದೆ ಮಾಡುವ ದಾರಿ ಹೇಳುತ್ತೇನೆ. ಜ್ಯೂಸ್ ಅಥವಾ ಹಾಲು ಬರುವ ಟೆಟ್ರಾ ಪ್ಯಾಕ್ ಕತ್ತರಿಸಿ ಬಿಡಿಸಿ, ತೊಳೆದು ಒಣಗಿಸಿ. ಒಳಗಿನ ಬೆಳ್ಳಿ ಬಣ್ಣದ ಮೈ ಮೇಲೆ ದಬ್ಬಳದ ತುದಿಯಿಂದ ಗೆರೆ ಎಳೆಯಲಿ. ತೀರಾ ಒತ್ತುವುದು ಬೇಡ, ಹರಿದುಹೋಗುತ್ತದೆ. ಅಚ್ಚಿನ ಮಸಿ ಸಿಗುತ್ತದೆ, ಇಲ್ಲದಿದ್ದರೆ ಎಣ್ಣೆಬಣ್ಣ ಆದರೂ ನಡೆಯುತ್ತದೆ. ಬಟ್ಟೆಯಲ್ಲಿ ಅದನ್ನು ಗೆರೆಗೆ ತುಂಬಿ, ಮೇಲಿನದನ್ನು ಮೆಲ್ಲಗೆ ಒರೆಸಿ. ಡ್ರಾಯಿಂಗ್ ಹಾಳೆಯನ್ನು ನೀರಲ್ಲಿ ನೆನೆಸಿ, ಟವೆಲ್ಲಿನಲ್ಲಿ ಒತ್ತಿ ತೇವ ಇಳಿಸಿ. ಅದನ್ನು ಮೇಲಿಟ್ಟು ಚಮಚದ ಬೆನ್ನಿನಿಂದ ಚೆನ್ನಾಗಿ ಉಜ್ಜಿ. ಮೊದಲ ಅಚ್ಚು ಮಸುಕಾಗಿ ಬಂದರೆ ಬೇಸರ ಬೇಡ. ಎರಡನೆಯದು, ಮೂರನೆಯದು ಚೆನ್ನಾಗಿ ಬರುತ್ತದೆ.

ಗುಬ್ಬಿಗೂಡು:

ಮಾಡಿದೆವು ಸರ್. ಮೊದಲ ಎರಡು ಹಾಳೆಯಲ್ಲಿ ಬರೀ ಮಸಿ. ಮೂರನೆಯದರಲ್ಲಿ ಹುಡುಗ ಬಂದ. ಮೂಗು ಸ್ವಲ್ಪ ಅಳಿಸಿದೆ, ಒನಕೆ ಮಾತ್ರ ಅಚ್ಚುಕಟ್ಟಾಗಿ ಬಂದಿದೆ. ಕಾಗದ ಎತ್ತಿದ ತಕ್ಷಣ ಮಗ ಕೂಗಿದ, 'ಅಮ್ಮಾ, ತಿರುಗಿಬಿಟ್ಟ!' ಪ್ಯಾಕಿನ ಮೇಲೆ ಎಡಕ್ಕಿದ್ದವನು ಹಾಳೆಯ ಮೇಲೆ ಬಲಕ್ಕೆ ಹೋಗಿದ್ದ.

ಈಗ ಇನ್ನೊಂದು ಟೆಟ್ರಾ ಪ್ಯಾಕ್ ತೊಳೆದು ಒಣಗಲು ಇಟ್ಟಿದ್ದಾನೆ. ಈ ಸಲ ಕನ್ನಡಿ ಮುಂದೆ ಕೂತು ಬರೆಯುತ್ತಾನಂತೆ.